ಟ್ರ್ಯಾಕ್ಟರೆಂಬ ಹೆಸರಿನ ಯುದ್ಧಯಂತ್ರ

ಮೊನ್ನೆ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದ. ಹುಡುಗನ ಕೈಯಲ್ಲಿ, ತಾನೇ ಅಂಟಿಸಿ ಬಣ್ಣ ಬಳಿದ ಒಂದು ಪ್ಲಾಸ್ಟಿಕ್ ಟ್ಯಾಂಕು. ಕೆಲಸ ಅಚ್ಚುಕಟ್ಟಾಗಿತ್ತು, ಚಕ್ರಗಳ ಮೇಲೆ ಕೆಸರು ಮೆತ್ತಿದಂತೆ ಸಹ ಬಣ್ಣ ಹಚ್ಚಿದ್ದ. "ತಾತ, ಇದು ಟೈಗರ್. ಎಸ್‌ಡಿ ಕೆಎಫ್‌ಜಡ್ 181" ಎಂದ. ಅಲ್ಲಿಗೆ ನಿಲ್ಲಲಿಲ್ಲ. ಪ್ಯಾಂಥರ್ 171, ನಾಲ್ಕನೆಯ ಪಾಂಟ್ಸರ್ 161, ಮೂರನೆಯದು 141 ಎಂದು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದ. ಅವನ ತಂದೆಗೆ ಹಿಗ್ಗೋ ಹಿಗ್ಗು. "ನೋಡಿ ಮೇಷ್ಟ್ರೇ, ನೀವು ಎಷ್ಟು ಹೇಳಿಕೊಟ್ಟರೂ ನಮ್ಮ ತಲೆಗೆ ಹತ್ತದ ಇತಿಹಾಸ ಇವನಿಗೆ ಆಟದಲ್ಲೇ ಬಂದುಬಿಟ್ಟಿದೆ" ಎಂದ.

ನಾನು ಹುಡುಗನನ್ನು ಕೇಳಿದೆ: "ಮಗು, ಆ ಎಸ್‌ಡಿ ಕೆಎಫ್‌ಜಡ್ ಅಂದರೇನು?" ಅವನಿಗೆ ಗೊತ್ತಿರಲಿಲ್ಲ. ತಂದೆ ಅವನ ನೆರವಿಗೆ ಬಂದ. "ಹೆಸರು ಏನಾದರೇನು ಮೇಷ್ಟ್ರೇ, ಯಂತ್ರ ಯಂತ್ರವೇ ಅಲ್ಲವೇ?" ಈ ಮಾತಿಗೆ ನಾನು ಕೊಡಬೇಕೆಂದಿದ್ದ ಉತ್ತರ ಕಾಫಿ ಆರುವುದರೊಳಗೆ ಹೇಳಿ ಮುಗಿಸುವಂಥದ್ದಾಗಿರಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ. ಆ ವಿದ್ಯಾರ್ಥಿಯೂ ಇದನ್ನು ಓದುತ್ತಾನೆಂದು ಬಲ್ಲೆ; ಬೇಸರಿಸದಿರಲಿ.

ಯಂತ್ರ ಯಂತ್ರವೇ, ನಿಜ. ಆದರೆ ಯಂತ್ರವನ್ನು ಮಾಡಿದವನು ಅದರ ಬಗ್ಗೆ ಲೋಕಕ್ಕೆ ಕೊಡುವ ಮೊದಲ ಹೇಳಿಕೆಯೇ ಅದರ ಹೆಸರು. ಅದು ನಿಜವನ್ನು ಹೇಳುವ ಹೇಳಿಕೆಯಾಗಿರಬಹುದು, ಸುಳ್ಳು ಹೇಳಿಕೆಯಾಗಿರಬಹುದು, ಏನನ್ನೂ ಹೇಳದಿರುವ ಹೇಳಿಕೆಯೂ ಆಗಿರಬಹುದು. ಜರ್ಮನಿಯ ಸೈನ್ಯವು ಇಪ್ಪತ್ತನೆಯ ಶತಮಾನದಲ್ಲಿ ಈ ಮೂರನ್ನೂ ಮಾಡಿತು. ಅಷ್ಟೇ ಅಲ್ಲ, ಮೂರನ್ನೂ ಕಡತದಲ್ಲಿ ಬರೆದಿಟ್ಟಿತು. ಹಾಗಾಗಿ ಅಲ್ಲಿಯ ಹೆಸರುಗಳನ್ನು ಓದುವುದು ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ದೊಡ್ಡ ಇತಿಹಾಸಪಾಠವೆಂಬುದು ನನ್ನ ನಂಬಿಕೆ.

ಮೊದಲಿಗೆ 'ಪಾಂಟ್ಸರ್' ಎಂಬ ಪದವನ್ನೇ ನೋಡೋಣ. ಹಳೆಯ ಫ್ರೆಂಚಿನಿಂದ ಬಂದ ಈ ಪದದ ಮೂಲ ಲ್ಯಾಟಿನ್ನಿನ ಹೊಟ್ಟೆ ಎಂಬರ್ಥದ ಶಬ್ದ. ಹೊಟ್ಟೆಯನ್ನು ಕಾಯುವ ಕವಚವೇ ಪಾಂಟ್ಸರ್. ಅಂದರೆ ಜರ್ಮನ್ನರು ತಮ್ಮ ಯಂತ್ರವನ್ನು ಕವಚವೆಂದು ಕರೆದರು. ಅದು ನಿಜವಾದ ಹೆಸರು. ಇಂಗ್ಲಿಷರು ಕರೆದ 'ಟ್ಯಾಂಕ್' ಎಂಬುದೇ ಸುಳ್ಳು. 1915ರಲ್ಲಿ ಅವರು ಈ ಯಂತ್ರವನ್ನು ಗುಟ್ಟಾಗಿ ಕಟ್ಟುತ್ತಿದ್ದಾಗ, ಕಾರ್ಖಾನೆಯ ಕೆಲಸಗಾರರಿಗೂ ಗೂಢಚಾರರಿಗೂ ಇದು ನೀರು ಸಾಗಿಸುವ ತೊಟ್ಟಿಯೆಂಬ ಭಾವನೆ ಬರಲೆಂದು ಆ ಹೆಸರನ್ನು ಇಟ್ಟರು. ಕೆರೆಗೆ ಟ್ಯಾಂಕ್ ಎನ್ನುವ ಈ ಪದ ನಮ್ಮ ಗುಜರಾತಿ, ಮರಾಠಿಗಳಿಂದ ಪಶ್ಚಿಮಕ್ಕೆ ಹೋಗಿರಬಹುದೆಂದು ನಿಘಂಟುಕಾರರು ಹೇಳುತ್ತಾರೆ. ನಮ್ಮ ಟ್ಯಾಂಕ್‌ಬಂಡ್ ರಸ್ತೆಯಲ್ಲಿರುವುದೂ ಅದೇ ಪದ. ಯುದ್ಧ ಮುಗಿದು ನೂರು ವರ್ಷ ದಾಟಿದರೂ ಲೋಕವೆಲ್ಲ ಆ ಹುಸಿಹೆಸರನ್ನೇ ನಿಜವೆಂದು ಬಳಸುತ್ತಿದೆ. ಸುಳ್ಳು ಹೆಸರಿನ ಆಯುಷ್ಯ ಎಷ್ಟು ದೀರ್ಘವೆಂಬುದಕ್ಕೆ ಇದೊಂದೇ ಸಾಕು.

ಜರ್ಮನ್ನರ ಮೊಟ್ಟಮೊದಲ ಟ್ಯಾಂಕಿನ ಹೆಸರಂತೂ ನಮ್ಮ ಸರ್ಕಾರಿ ಕಚೇರಿಗಳನ್ನು ಬಲ್ಲವರಿಗೆ ನಗು ತರಿಸುವಂಥದ್ದು. ಅದು ಎ7ವಿ. ಯುದ್ಧ ಇಲಾಖೆಯ ಏಳನೆಯ ಶಾಖೆ, ಸಾರಿಗೆ. ಇಷ್ಟರ ಜರ್ಮನ್ ಹೆಸರಿನ ಮೊದಲಕ್ಷರಗಳೇ ಯಂತ್ರದ ಹೆಸರು! ಮಗುವಿಗೆ ಹೆರಿಗೆ ವಾರ್ಡಿನ ಸಂಖ್ಯೆಯನ್ನೇ ಹೆಸರಾಗಿ ಇಟ್ಟಂತೆ. ಇಂಥ ಇಪ್ಪತ್ತು ಯಂತ್ರಗಳನ್ನಷ್ಟೇ ಕಟ್ಟಿದರು. ಒಳಗೆ ಕೂತು ಬೇಯುತ್ತಿದ್ದ ಸೈನಿಕರಿಗೆ ಈ ಕಡತದ ಹೆಸರು ಹಿಡಿಸಲಿಲ್ಲ. ಅವರು ತಮ್ಮ ಯಂತ್ರಗಳ ಮೇಲೆ ಮೆಫಿಸ್ಟೊ, ಸೀಗ್‌ಫ್ರೀಡ್, ಎಲ್‌ಫ್ರೀಡ ಎಂದೆಲ್ಲ ಬರೆದುಕೊಂಡರು. ಇಪ್ಪತ್ತರಲ್ಲಿ ಇಂದಿಗೂ ಉಳಿದಿರುವುದು ಮೆಫಿಸ್ಟೊ ಒಂದೇ. ಆಸ್ಟ್ರೇಲಿಯನ್ನರು ಅದನ್ನು ಎಳೆದುಕೊಂಡು ಹೋದರು, ಈಗ ಬ್ರಿಸ್ಬೇನಿನ ವಸ್ತುಸಂಗ್ರಹಾಲಯದಲ್ಲಿದೆ.

ಸುಳ್ಳಿನ ಅಧ್ಯಾಯ ಶುರುವಾಗುವುದು ಇದರ ಅನಂತರ. 1919ರ ವರ್ಸೇಲ್ಸ್ ಒಪ್ಪಂದದ 171ನೆಯ ವಿಧಿಯು ಜರ್ಮನಿ ಟ್ಯಾಂಕುಗಳನ್ನು ತಯಾರಿಸಕೂಡದು, ಹೊರಗಿನಿಂದ ತರಿಸಲೂಕೂಡದು ಎಂದು ನಿಷೇಧಿಸಿತು. ಒಪ್ಪಂದಕ್ಕೆ ಸಹಿ ಹಾಕಿದ ದೇಶ ಏನು ಮಾಡಿತು? ಟ್ಯಾಂಕನ್ನು ಕಟ್ಟುವುದನ್ನು ಬಿಡಲಿಲ್ಲ, ಟ್ಯಾಂಕೆಂಬ ಹೆಸರನ್ನು ಬಿಟ್ಟಿತು. 1920ರ ದಶಕದ ಕೊನೆಯಲ್ಲಿ ಮೂರು ಕಂಪನಿಗಳು ಎರಡೆರಡರಂತೆ ಆರು ಯಂತ್ರಗಳನ್ನು ಕಟ್ಟಿದವು. ಅವುಗಳ ಹೆಸರು 'ದೊಡ್ಡ ಟ್ರ್ಯಾಕ್ಟರ್'. ಇನ್ನೊಂದು ಚಿಕ್ಕ ನಮೂನೆಗೆ 'ಹಗುರ ಟ್ರ್ಯಾಕ್ಟರ್'. ಇವನ್ನು ಓಡಿಸಿ ನೋಡಿದ್ದು ಜರ್ಮನಿಯಲ್ಲಲ್ಲ, ಸೋವಿಯತ್ ರಷ್ಯದ ಕಜಾನಿನ ಹತ್ತಿರದ ಗುಪ್ತ ಶಾಲೆಯೊಂದರಲ್ಲಿ. ಅದರ ಗುಪ್ತನಾಮ ಕಾಮಾ. ಹನ್ನೆರಡು ವರ್ಷಗಳ ಬಳಿಕ ಯಾರ ಮೇಲೆ ಟ್ಯಾಂಕು ಹರಿಸಿದರೋ ಅವರ ನೆಲದಲ್ಲೇ ಕಲಿತದ್ದು!

ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ತಯಾರಿಗೆ ಹೊರಟ ಯಂತ್ರದ ಹೆಸರು ಇನ್ನೂ ಸೊಗಸು: 'ಲಾಂಡ್‌ವಿರ್ಟ್‌ಶಾಫ್ಟ್‌ಲಿಷರ್ ಶ್ಲೆಪ್ಪರ್'. ಕೃಷಿ ಉಳುಮೆಗೆ ಎಳೆಯುವ ಗಾಡಿ, ಅಂದರೆ ನಮ್ಮ ರೈತರ ಟ್ರ್ಯಾಕ್ಟರು. ಇದೇ ಮುಂದೆ ಮೊದಲನೆಯ ಪಾಂಟ್ಸರ್ ಎನಿಸಿಕೊಂಡು ಸ್ಪೇನಿನ ಅಂತರ್ಯುದ್ಧದಲ್ಲಿ ಮನುಷ್ಯರ ಮೇಲೆ ಗುಂಡು ಹಾರಿಸಿತು. ಮೂರನೆಯ ಪಾಂಟ್ಸರಿನ ಗುಪ್ತನಾಮ 'ದಳನಾಯಕನ ವಾಹನ', ನಾಲ್ಕನೆಯದರ ಗುಪ್ತನಾಮ 'ಜೊತೆ ಸಾಗುವ ವಾಹನ'. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ ಈ ಮೊದಲ ಹೆಸರು ಚುಚ್ಚಿದಷ್ಟು ಬೇರಾವುದೂ ಚುಚ್ಚಿಲ್ಲ. ಸುಳ್ಳು ಹೇಳಲು ಅವರಿಗೆ ಲೋಕದಲ್ಲಿ ಯಾರೂ ಅನುಮಾನಿಸದ ಒಂದು ವಸ್ತು ಬೇಕಿತ್ತು. ಅನ್ನ ಬೆಳೆಯುವ ಸಾಧನವನ್ನೇ ಆರಿಸಿಕೊಂಡರು.

ಅಂಕಿಗಳೂ ಸುಳ್ಳು ಹೇಳಬಲ್ಲವೆಂಬುದಕ್ಕೆ ಇನ್ನೊಂದು ಉದಾಹರಣೆ. ಜರ್ಮನ್ನರು ತಮ್ಮ ಬಂದೂಕು, ಫಿರಂಗಿಗಳಿಗೆ ಅಂಗೀಕಾರವಾದ ವರ್ಷದ ಕೊನೆಯ ಎರಡಂಕಿಗಳನ್ನು ಇಡುವುದು ರೂಢಿ. ಎಂಜಿ 34, ಎಂಜಿ 42 ಎಂಬ ಮೆಷಿನ್‌ಗನ್ನುಗಳು ಹಾಗೆ ಬಂದವು. ಆದರೆ ವಿಮಾನಗಳನ್ನು ಹೊಡೆಯುವ ಪ್ರಸಿದ್ಧ 8.8 ಸೆಂಟಿಮೀಟರ್ ತೋಪಿನ ಹೆಸರು ಫ್ಲಾಕ್ 18. ಅದರ ವಿನ್ಯಾಸ ನಡೆದದ್ದು 1930ರ ಸುಮಾರಿಗೆ. ಹಾಗಿದ್ದರೆ ಹದಿನೆಂಟು ಎಲ್ಲಿಂದ ಬಂತು? ಒಪ್ಪಂದಕ್ಕೆ ಮುಂಚಿನ 1918ರ ಹಳೆಯ ಸಾಮಾನಿದು ಎಂದು ತೋರಿಸಿಕೊಳ್ಳಲು. ಅದೇ ಹದಿನೆಂಟು ಇನ್ನೂ ಹಲವು ತೋಪುಗಳ ಕೊರಳಲ್ಲಿ ನೇತಾಡುತ್ತದೆ. ಹುಟ್ಟಿದ ದಿನಾಂಕ ತಿದ್ದಿಸಿಕೊಂಡು ಶಾಲೆಗೆ ಸೇರಲು ಬರುತ್ತಿದ್ದ ಎಷ್ಟೋ ಮಕ್ಕಳನ್ನು ಕಂಡಿದ್ದೇನೆ. ಅವರ ಅಪ್ಪಂದಿರಿಗೆ ಕನಿಷ್ಠಪಕ್ಷ ಬಡತನದ ನೆಪವಿತ್ತು.

ತಮಾಷೆಯೆಂದರೆ, ಸುಳ್ಳು ಹೆಸರಿಡುವುದನ್ನು ಒಮ್ಮೆ ಕಲಿತ ಆಡಳಿತದಲ್ಲಿ ಆ ಸುಳ್ಳು ಕೊನೆಗೆ ತನ್ನ ಒಡೆಯನ ಕಡೆಗೇ ತಿರುಗುತ್ತದೆ. ಯುದ್ಧದ ನಡುವೆ ಹೊಸ ಬಗೆಯ ರೈಫಲೊಂದನ್ನು ಮಾಡಲು ಹೊರಟಾಗ ಹಿಟ್ಲರ್ ಒಪ್ಪಲಿಲ್ಲ. ಅಧಿಕಾರಿಗಳು ಅದಕ್ಕೆ ಎಂಪಿ 43, ಅಂದರೆ 'ಮೆಷಿನ್ ಪಿಸ್ತೂಲು' ಎಂದು ಹೆಸರಿಟ್ಟು, ಇದು ಹಳೆಯದರ ಸುಧಾರಣೆಯಷ್ಟೇ ಎಂಬಂತೆ ಕೆಲಸ ಮುಂದುವರಿಸಿದರು. ಕೊನೆಗೆ ಒಪ್ಪಿಗೆ ದೊರೆತ ಮೇಲೆ ಅದು 'ಸ್ಟುರ್ಮ್‌ಗೆವೇರ್ 44' ಆಯಿತು. ದಾಳಿಯ ರೈಫಲು ಎಂದು ಇಂದು ಲೋಕದ ಪತ್ರಿಕೆಗಳೆಲ್ಲ ಬಳಸುವ ಮಾತು ಈ ಹೆಸರಿನ ಅನುವಾದ.

ಈಗ ಹುಡುಗನ ಎಸ್‌ಡಿ ಕೆಎಫ್‌ಜಡ್‌ಗೆ ಬರೋಣ. ಪೂರ್ಣರೂಪ 'ಜೋಂಡರ್‌ಕ್ರಾಫ್ಟ್‌ಫಾರ್‌ಟ್ಸಾಯ್ಗ್'. ಉಸಿರು ಹಿಡಿದು ಹೇಳಬೇಕು. ಅರ್ಥ ಮಾತ್ರ ಸರಳ: ವಿಶೇಷ ಮೋಟಾರು ವಾಹನ. ಸೈನ್ಯದ ಶಸ್ತ್ರಾಸ್ತ್ರ ಕಚೇರಿ ಇಂಥ ಪ್ರತಿಯೊಂದು ವಾಹನಕ್ಕೂ ಒಂದು ಸಂಖ್ಯೆ ಕೊಟ್ಟಿತು. ತೋಪುಗಳನ್ನು ಎಳೆಯುವ ಅರೆಪಟ್ಟಿ ಗಾಡಿಗಳಿಗೆ ಒಂದಂಕಿ, ಎರಡಂಕಿ; ಟ್ಯಾಂಕುಗಳಿಗೆ ನೂರರ ಮೇಲೆ; ಕವಚದ ಕಾರುಗಳಿಗೂ ಸೈನಿಕರನ್ನು ಹೊತ್ತೊಯ್ಯುವ ಗಾಡಿಗಳಿಗೂ ಇನ್ನೂರರ ಮೇಲೆ. ಒಂದೇ ಯಂತ್ರದ ಸುಧಾರಿತ ನಮೂನೆಗಳಿಗೆ ಎ, ಬಿ, ಸಿ ಎಂದು ಅಕ್ಷರ. ಇಷ್ಟು ಶಿಸ್ತಿನ ಜನ ಪ್ಯಾಂಥರಿನ ವಿಷಯದಲ್ಲಿ ಮಾತ್ರ ಮೊದಲು ಡಿ, ಆಮೇಲೆ ಎ, ಕೊನೆಗೆ ಜಿ ಎಂದು ಇಟ್ಟರು. ನನ್ನ ತರಗತಿಯಲ್ಲಿ ವರ್ಣಮಾಲೆ ಹೀಗೆ ಒಪ್ಪಿಸಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಈ ಸಂಖ್ಯೆಗಳ ಬಗ್ಗೆ ನನಗೆ ಎರಡು ಮನಸ್ಸಿದೆ. ಅವು ಸುಳ್ಳು ಹೇಳುವುದಿಲ್ಲ. 181 ಎಂದರೆ ಅದೊಂದು ವಾಹನ, ಪಟ್ಟಿಯಲ್ಲಿ ಅದರ ಜಾಗ ಇಂಥದ್ದು, ಅಷ್ಟೇ. ಶೌರ್ಯವಿಲ್ಲ, ಭಯವಿಲ್ಲ, ಹೊಗಳಿಕೆಯಿಲ್ಲ. ಆದ್ದರಿಂದ ಟ್ರ್ಯಾಕ್ಟರಿಗಿಂತಲೂ ಟೈಗರಿಗಿಂತಲೂ 181 ಪ್ರಾಮಾಣಿಕವೆಂದೇ ನಾನು ಹೇಳುತ್ತೇನೆ. ಆದರೆ ಸಂಖ್ಯೆ ನಿರಪರಾಧಿಯೆಂದು ಹೇಳಲಾರೆ. 251 ಎಂಬ ಅರೆಪಟ್ಟಿ ಗಾಡಿಯನ್ನು ತೆಗೆದುಕೊಳ್ಳಿ. ಅದರ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿಗೆ ಓರೆಗೆರೆ ಹಾಕಿ ಉಪಸಂಖ್ಯೆ ಕೊಟ್ಟರು. ಓರೆಗೆರೆ ಎಂಟು ಎಂದರೆ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್. ಓರೆಗೆರೆ ಹದಿನಾರು ಎಂದರೆ ಬೆಂಕಿಯನ್ನು ಉಗುಳಿ ಮನುಷ್ಯರನ್ನು ಸುಡುವ ಯಂತ್ರ. ಎರಡರ ನಡುವೆ ಕಡತದಲ್ಲಿ ಇರುವ ಅಂತರ ಎಂಟು. ಗುಮಾಸ್ತ ಅದೇ ಲೇಖನಿಯಿಂದ, ಅದೇ ಮಸಿಯಿಂದ ಎರಡನ್ನೂ ಬರೆದ. ಈ ವಿಷಯವನ್ನು ಅಂದು ಹುಡುಗನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಾದ. "ಎರಡೂ ನೋಡಲಿಕ್ಕೆ ಒಂದೇ ಥರ ಇರುತ್ತವಾ ತಾತ?" ಎಂದು ಕೇಳಿದ. ಹೆಚ್ಚುಕಡಿಮೆ ಒಂದೇ ಥರವೇ ಎಂದೆ.

ಕೆಲವೊಮ್ಮೆ ಆ ಗುಮಾಸ್ತನ ಅಕ್ಷರವೊಂದು, ಅವನಿಗೇ ತಿಳಿಯದಂತೆ, ಸಾಕ್ಷಿ ನುಡಿಯುವುದೂ ಉಂಟು. 1939ರ ಮಾರ್ಚಿನಲ್ಲಿ ಜರ್ಮನಿ ಜೆಕ್ ನಾಡನ್ನು ನುಂಗಿದಾಗ ಅಲ್ಲಿಯ ಟ್ಯಾಂಕುಗಳೂ ಕೈವಶವಾದವು. ಅವುಗಳಿಗೆ ಪಾಂಟ್ಸರ್ 35, ಪಾಂಟ್ಸರ್ 38 ಎಂದು ಹೆಸರಿಟ್ಟು ಪಕ್ಕದಲ್ಲಿ ಆವರಣದೊಳಗೆ 'ಟಿ' ಎಂದು ಬರೆದರು. ಅನೇಕರು ಇದನ್ನು ಟನ್ನು ಎಂದು ತಪ್ಪಾಗಿ ಓದುತ್ತಾರೆ. ಅದು ಜರ್ಮನ್ ಭಾಷೆಯಲ್ಲಿ ಜೆಕ್ ಎಂಬ ಪದದ ಮೊದಲಕ್ಷರ. 1940ರಲ್ಲಿ ಫ್ರಾನ್ಸಿನೊಳಗೆ ನುಗ್ಗಿದ ರೋಮೆಲನ ಏಳನೆಯ ಪಾಂಟ್ಸರ್ ವಿಭಾಗದ ಬಳಿ ಈ 38 'ಟಿ' ಟ್ಯಾಂಕುಗಳೇ ಹೆಚ್ಚಿಗೆ ಇದ್ದವು. ಮುಂದೆ ಫ್ರಾನ್ಸಿನವಕ್ಕೆ 'ಎಫ್', ಇಂಗ್ಲಿಷರವಕ್ಕೆ 'ಇ', ರಷ್ಯದವಕ್ಕೆ 'ಆರ್'. ರಷ್ಯದ ಟಿ-34 ಸಹ ಜರ್ಮನ್ ಕಡತದಲ್ಲಿ 747 'ಆರ್' ಆಗಿ ಕುಳಿತಿತು. ಪರರ ಮನೆಯ ಪಾತ್ರೆಯನ್ನು ಕದ್ದು ತಂದು, ಅದರ ಮೇಲೆ ಆ ಮನೆಯ ಹೆಸರನ್ನೂ ಕೆತ್ತಿಸಿಟ್ಟುಕೊಂಡಂತೆ! ಆ ಅಕ್ಷರಗಳನ್ನು ಸಾಲಾಗಿ ಜೋಡಿಸಿದರೆ ಯೂರೋಪಿನಲ್ಲಿ ಆಕ್ರಮಣಕ್ಕೊಳಗಾದ ದೇಶಗಳ ಪಟ್ಟಿಯೇ ಸಿಗುತ್ತದೆ.

ಇನ್ನು ಮೃಗಗಳ ಹೆಸರು. ಯುದ್ಧ ಜರ್ಮನ್ನರ ಕೈಮೀರುತ್ತ ಹೋದ ಕಾಲದಲ್ಲೇ ಈ ಮೃಗಾಲಯ ತುಂಬತೊಡಗಿತು ಎಂಬುದನ್ನು ಗಮನಿಸಬೇಕು. ಪೋಲೆಂಡನ್ನೂ ಫ್ರಾನ್ಸನ್ನೂ ಗೆದ್ದ ಟ್ಯಾಂಕುಗಳಿಗೆ ರೋಮನ್ ಅಂಕಿಗಳು ಸಾಕಾಗಿದ್ದವು. ಸೋಲಿನ ದಿನಗಳಲ್ಲಿ ಹುಲಿ, ಪ್ಯಾಂಥರ್, ಘೇಂಡಾಮೃಗ, ಆನೆ ಎಲ್ಲವೂ ಬಂದವು. 1944ರ ಫೆಬ್ರವರಿ 27ರಂದು ಹಿಟ್ಲರನ ಆದೇಶವೊಂದು ಹೊರಟಿತು: ಪ್ಯಾಂಥರಿನ ಹೆಸರಿನ ಹಿಂದಿರುವ ರೋಮನ್ ಐದನ್ನು ತೆಗೆದುಹಾಕಬೇಕು, ಬರಿಯ 'ಪ್ಯಾಂಥರ್' ಎನ್ನಬೇಕು. ಅದೇ ದಿನಾಂಕದಲ್ಲೇ ಇನ್ನೊಂದು: 'ಹುಮ್ಮೆಲ್' ಎಂಬ ಸ್ವಯಂಚಾಲಿತ ತೋಪಿನ ಹೆಸರನ್ನು ಕೈಬಿಡಬೇಕು. ಹುಮ್ಮೆಲ್ ಎಂದರೆ ಹೂವಿಂದ ಹೂವಿಗೆ ಗುಂಯ್‌ಗುಡುವ ದಪ್ಪ ದುಂಬಿ. ಯುದ್ಧಯಂತ್ರಕ್ಕೆ ಅದು ತಕ್ಕುದಲ್ಲವಂತೆ! ಕಣಜವೆಂಬ ಅರ್ಥದ 'ಹೋರ್ನಿಸ್ಸೆ' ಘೇಂಡಾಮೃಗವಾಯಿತು. ಎಂಜಿನಿಯರ್ ಫರ್ಡಿನಾಂಡ್ ಪೋರ್ಷೆಯ ಹೆಸರು ಹೊತ್ತಿದ್ದ 'ಫರ್ಡಿನಾಂಡ್' ಆನೆಯಾಯಿತು. ಅದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ ಲೆನಿನ್‌ಗ್ರಾಡಿನ ಮುತ್ತಿಗೆ ಮುರಿದುಬಿದ್ದಿತ್ತು. ಹತ್ತು ದಿನಗಳ ಹಿಂದಷ್ಟೇ ಉಕ್ರೇನಿನ ಚೆರ್ಕಾಸಿಯ ಸುತ್ತುವರಿಕೆಯಲ್ಲಿ ಸಿಲುಕಿದ್ದ ಜರ್ಮನ್ ದಳಗಳು ತಮ್ಮ ತೋಪು ಗಾಡಿಗಳನ್ನೆಲ್ಲ ಬಿಟ್ಟು ಓಡಿ ಬಂದಿದ್ದವು. ಅಂಥ ಹೊತ್ತಿನಲ್ಲಿ ಸೇನಾಧಿಪತಿಗೆ ದುಂಬಿಯ ಹೆಸರು ಚುಚ್ಚುತ್ತಿತ್ತು.

ಅತಿ ದೊಡ್ಡದಕ್ಕೆ ಅತಿ ಚಿಕ್ಕ ಹೆಸರಿಡುವ ಚೇಷ್ಟೆಯೂ ಅಲ್ಲಿತ್ತು. 188 ಟನ್ ತೂಕದ, ಲೋಕದಲ್ಲಿ ಕಟ್ಟಿದ ಟ್ಯಾಂಕುಗಳಲ್ಲೇ ಭಾರವಾದದ್ದನ್ನು 'ಮೌಸ್', ಇಲಿ ಎಂದರು. ಸೊಂಟದೆತ್ತರಕ್ಕೂ ಬಾರದ, ಸ್ಫೋಟಕ ಹೊತ್ತು ತೆವಳಿ ಹೋಗಿ ತಾನೂ ಸಿಡಿದು ಚೂರಾಗುವ ಪುಟ್ಟ ಗಾಡಿಯನ್ನು 'ಗೋಲಿಯಾತ್' ಎಂದರು. ಇಲಿಯು ಎರಡೇ ಮಾದರಿಗಳಲ್ಲಿ ನಿಂತುಹೋಯಿತು.

ಇಲ್ಲಿ ನಮ್ಮ ಕನ್ನಡದ ಲೇಖಕರಿಗೆ ಒಂದು ಸಣ್ಣ ತಿದ್ದುಪಡಿ. ಎರಡನೆಯ ಟೈಗರನ್ನು ಜರ್ಮನ್ನರು 'ಕ್ಯೋನಿಗ್ಸ್‌ಟೀಗರ್' ಎಂದು ಕರೆದರು. ಪದವನ್ನು ಒಡೆದರೆ ರಾಜ ಮತ್ತು ಹುಲಿ. ಇಂಗ್ಲಿಷರು ಒಡೆದೇ ಅನುವಾದಿಸಿದರು. ನಮ್ಮವರು ಇಂಗ್ಲಿಷನ್ನು ನೋಡಿ 'ರಾಜಹುಲಿ' ಎಂದು ಬರೆಯುತ್ತಾರೆ. ಆದರೆ ಜರ್ಮನ್ ಭಾಷೆಯಲ್ಲಿ ಅದು ಬಂಗಾಳದ ಹುಲಿಗೆ ಇರುವ ಸಾಧಾರಣ ಹೆಸರು. ನಮ್ಮ ನಾಗರಹೊಳೆ, ಬಂಡೀಪುರಗಳ ಹುಲಿಯೂ ಅದೇ ಕುಲದ್ದು. ಕಾಡಿನಲ್ಲಿ ತನ್ನ ಪಾಡಿಗೆ ತಾನಿರುವ ಪ್ರಾಣಿಯ ಹೆಸರನ್ನು ಕೇಳದೆ ಒಯ್ದು ಸುಮಾರು ಎಪ್ಪತ್ತು ಟನ್ ಉಕ್ಕಿನ ಮೇಲೆ ಅಂಟಿಸಿದರು. ಹುಲಿ ಹಸಿದಾಗ ಮಾತ್ರ ಕೊಲ್ಲುತ್ತದೆ ಎಂಬ ಹಳೆಯ ಮಾತನ್ನು ಇಲ್ಲಿ ಹೇಳಬೇಕೆನ್ನಿಸಿತು. ಆದರೆ ನನ್ನ ಸೋದರಳಿಯ ಅರಣ್ಯ ಇಲಾಖೆಯವನು, ಅದು ಅಷ್ಟು ಸರಳವಲ್ಲವೆಂದು ತಿದ್ದುತ್ತಾನೆ, ಬಿಡುತ್ತೇನೆ.

ಮೃಗದ ಹೆಸರಿನ ಮೇಲೆ ನನ್ನ ಆಕ್ಷೇಪವೇನು? ಟ್ರ್ಯಾಕ್ಟರೆಂಬ ಸುಳ್ಳು ಶತ್ರುವನ್ನು ಮೋಸಗೊಳಿಸಲು. ಹುಲಿ ಎಂಬ ಸುಳ್ಳು ಮೋಸಗೊಳಿಸುವುದು ತನ್ನವರನ್ನು. ಒಳಗೆ ಕೂತ ಐದು ಜನ ಇಪ್ಪತ್ತು ವರ್ಷದ ಹುಡುಗರಿಗೆ, ತಾವು ಯಂತ್ರದೊಳಗೆ ಬೇಯಬಹುದಾದ ಮನುಷ್ಯರೆಂಬುದನ್ನು ಮರೆಸುತ್ತದೆ. ಎಂಬತ್ತು ವರ್ಷಗಳ ನಂತರ, ಮೈಸೂರಿನ ಒಂದು ಮನೆಯಲ್ಲಿ ಕೂತು ಅದಕ್ಕೆ ಬಣ್ಣ ಬಳಿಯುವ ಹನ್ನೊಂದು ವರ್ಷದ ಮಗುವಿಗೂ ಮರೆಸುತ್ತದೆ. 'ಟೈಗರ್' ಎಂದಾಗ ಆ ಮಗುವಿನ ಕಣ್ಣು ಅರಳಿದ್ದನ್ನು ನಾನು ಕಂಡೆ. '181' ಎಂದಾಗ ಅರಳಲಿಲ್ಲ.

ಹೆಸರಿನ ಮೋಸ ಸೈನಿಕರಿಗಷ್ಟೇ ಮೀಸಲಾಗಿರಲಿಲ್ಲ. 1938ರಲ್ಲಿ ಹಿಟ್ಲರ್ ಫಾಲರ್ಸ್‌ಲೇಬೆನ್ ಬಳಿ ಕಾರಿನ ಕಾರ್ಖಾನೆಗೆ ಅಡಿಗಲ್ಲು ಹಾಕಿ, ಅಲ್ಲಿ ತಯಾರಾಗುವ ಕಾರಿಗೆ 'ಕೆಡಿಎಫ್ ವಾಹನ' ಎಂದು ಹೆಸರಿಟ್ಟ. ಆನಂದದಿಂದ ಶಕ್ತಿ ಎಂಬ ಸಂಘಟನೆಯ ಹೆಸರದು. ಬೆಲೆ 990 ಮಾರ್ಕ್. ವಾರಕ್ಕೆ ಐದು ಮಾರ್ಕಿನ ಚೀಟಿ ಅಂಟಿಸುತ್ತ ಹೋದರೆ ಕಾರು ನಿಮ್ಮದು. ಸುಮಾರು 3,36,000 ಜನ, ಹೆಚ್ಚಿನವರು ಸಂಬಳದ ಮೇಲೆ ಬದುಕುವವರು, ಚೀಟಿ ಅಂಟಿಸಿದರು. ಅವರಲ್ಲಿ ಒಬ್ಬರಿಗೂ ಕಾರು ದೊರೆಯಲಿಲ್ಲ. ಕಾರ್ಖಾನೆ 'ಕ್ಯೂಬೆಲ್‌ವಾಗನ್' ಎಂಬ ಸೈನ್ಯದ ಗಾಡಿಗಳನ್ನು ಹೊರತಂದಿತು. ಚೀಟಿ ಅಂಟಿಸಿದವರು ಯುದ್ಧ ಮುಗಿದ ಮೇಲೆ ವರ್ಷಗಟ್ಟಲೆ ಕೋರ್ಟು ಅಲೆದು 1961ರಲ್ಲಿ ಹೊಸ ಕಾರಿನ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಪಡೆದರು. ಚೀಟಿ ವ್ಯವಹಾರದಲ್ಲಿ ಕೈಸುಟ್ಟುಕೊಂಡವರು ನಮ್ಮ ಬಂಧುಗಳಲ್ಲೂ ಇದ್ದಾರಾದ್ದರಿಂದ ಈ ಕಥೆಯನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಎಲ್ಲಕ್ಕಿಂತ ಕ್ರೂರವಾದದ್ದು 'ವಿ' ಎಂಬ ಒಂದೇ ಅಕ್ಷರ. ವಿ-1 ಎಂಬ ಹಾರುವ ಬಾಂಬಿಗೆ ಮೂರು ಹೆಸರಿದ್ದವು. ವಿಮಾನ ಕಚೇರಿಯಲ್ಲಿ ಫಿ 103. ಗುಪ್ತನಾಮ ಎಫ್‌ಜಡ್‌ಜಿ 76, ಅಂದರೆ ವಿಮಾನವಿರೋಧಿ ತೋಪಿನವರು ಗುರಿ ಕಲಿಯಲು ಬಳಸುವ ಗುರಿವಸ್ತು. ಮತ್ತೆ ಟ್ರ್ಯಾಕ್ಟರಿನಂಥದ್ದೇ ಮುಗ್ಧ ಸುಳ್ಳು. 1944ರ ಜೂನಿನಲ್ಲಿ ಅದು ಲಂಡನ್ನಿನ ಮೇಲೆ ಬೀಳತೊಡಗಿದಾಗ ಗೋಬೆಲ್ಸನ ಪ್ರಚಾರ ಸಚಿವಾಲಯ 'ಫೆರ್‌ಗೆಲ್ಟುಂಗ್', ಪ್ರತೀಕಾರ ಎಂಬ ಪದದ ಮೊದಲಕ್ಷರವನ್ನು ಅದಕ್ಕೆ ಕಟ್ಟಿತು. ಎ4 ಎಂದು ಎಂಜಿನಿಯರರು ಕರೆಯುತ್ತಿದ್ದ ರಾಕೆಟ್ಟು ವಿ-2 ಆಯಿತು. 1944ರ ಡಿಸೆಂಬರ್ 16ರಂದು ಆಂಟ್‌ವರ್ಪಿನ ರೆಕ್ಸ್ ಚಿತ್ರಮಂದಿರದ ಮೇಲೆ ಬಿದ್ದ ಒಂದೇ ವಿ-2 ರಾಕೆಟ್ಟಿಗೆ 567 ಜನ ಬಲಿಯಾದರು.

ಆದರೆ ಪ್ರತೀಕಾರವೆಂಬ ಆ ಹೆಸರು ಹೇಳದೆ ಬಿಟ್ಟದ್ದು ಬೇರೆಯೇ ಇದೆ. ಹಾರ್ಟ್ಸ್ ಬೆಟ್ಟಗಳ ಸುರಂಗದಲ್ಲಿ ಈ ರಾಕೆಟ್ಟುಗಳನ್ನು ಕಟ್ಟಿದವರು ಮಿಟ್ಟೆಲ್‌ಬೌ-ಡೋರಾ ಶಿಬಿರದ ಕೈದಿಗಳು. ಅಲ್ಲಿಗೆ ತಳ್ಳಲ್ಪಟ್ಟ ಸುಮಾರು 60,000 ಜನರಲ್ಲಿ ಸುಮಾರು 20,000 ಜನ ಸತ್ತರು. ಹಸಿವು, ದೂಳು, ಹೊಡೆತ, ಗಲ್ಲು. ರಾಕೆಟ್ಟು ಮೇಲೆ ಬಿದ್ದು ಸತ್ತವರಿಗಿಂತ ಅದನ್ನು ಕಟ್ಟುತ್ತ ಸತ್ತವರೇ ಹೆಚ್ಚೆಂದು ಇತಿಹಾಸಕಾರರು ಬರೆಯುತ್ತಾರೆ. ಫ್ರಾನ್ಸಿನ, ಪೋಲೆಂಡಿನ, ರಷ್ಯದ ಆ ಕೈದಿಗಳು ಯಾರ ಮೇಲೆ ಯಾವ ಪ್ರತೀಕಾರ ತೀರಿಸುತ್ತಿದ್ದರು? ವಿ-2 ಎಂದು ನಾವು ಇಂದು ಸಲೀಸಾಗಿ ಬರೆಯುವಾಗ ಗೋಬೆಲ್ಸ್ ಹೇಳಿಕೊಟ್ಟ ಮಾತನ್ನೇ ಒಪ್ಪಿಸುತ್ತಿದ್ದೇವೆ. ಎ4 ಎಂಬ ಒಣ ಹೆಸರೇ ಮೇಲು ಎಂದು ನಾನು ಹೇಳುವುದು ಇದಕ್ಕೇ.

ಹೆಸರಿನ ಮೋಹ ಒಮ್ಮೆಯಾದರೂ ಇಟ್ಟವರಿಗೇ ಮುಳುವಾಯಿತು ಎಂಬುದೊಂದು ಸಮಾಧಾನ. ರಾತ್ರಿ ಬಾಂಬರುಗಳಿಗೆ ದಾರಿ ತೋರಿಸುವ ರೇಡಿಯೋ ಸಾಧನವೊಂದಕ್ಕೆ ಜರ್ಮನ್ನರು 'ವೋಟಾನ್' ಎಂದು ಗುಪ್ತನಾಮ ಇಟ್ಟಿದ್ದರು. ಅದನ್ನು ಕೇಳಿದ ಬ್ರಿಟಿಷ್ ವಿಜ್ಞಾನಿ ಆರ್. ವಿ. ಜೋನ್ಸ್ ಜರ್ಮನ್ ಪಂಡಿತರೊಬ್ಬರನ್ನು ವಿಚಾರಿಸಿದರು. ವೋಟಾನ್ ಒಕ್ಕಣ್ಣಿನ ದೇವರು ಎಂದು ಉತ್ತರ ಬಂತು. ಒಂದು ಕಣ್ಣೆಂದರೆ ಒಂದೇ ಕಿರಣದಿಂದ ಕೆಲಸ ಮಾಡುವ ಸಾಧನವಿರಬೇಕೆಂದು ಜೋನ್ಸ್ ಊಹಿಸಿದರು, ಊಹೆ ನಿಜವಾಯಿತು. ಪುರಾಣ ಓದಿದವರು ಯುದ್ಧಕಾಲದಲ್ಲೂ ಉಪಯೋಗಕ್ಕೆ ಬರುತ್ತಾರೆಂದು ಭಾಷಾ ಶಿಕ್ಷಕರೆಲ್ಲ ಸಂತೋಷಪಡಬಹುದು.

ಈ ಕಥೆಯ ಒಂದು ಎಳೆ ನಮ್ಮ ಬೆಂಗಳೂರಿಗೂ ಬಂದು ಮುಟ್ಟುತ್ತದೆ. ಜರ್ಮನ್ ವಿಮಾನಗಳ ಹೆಸರಿನಲ್ಲಿ ಮೊದಲ ಎರಡಕ್ಷರ ಕಂಪನಿಯದು: ಯುಂಕರ್ಸ್‌ಗೆ 'ಯು', ಫೋಕೆ-ವುಲ್ಫ್‌ಗೆ 'ಎಫ್‌ಡಬ್ಲ್ಯು'. ಫೋಕೆ-ವುಲ್ಫ್ ಕಂಪನಿಯ ಮುಖ್ಯ ವಿನ್ಯಾಸಕಾರ ಕುರ್ಟ್ ಟಾಂಕ್ ಅವರ ಗೌರವಾರ್ಥವಾಗಿ ಕೊನೆಯ ಕೆಲವು ವಿಮಾನಗಳಿಗೆ ಕಂಪನಿಯ ಅಕ್ಷರಗಳ ಬದಲು ಅವರದೇ ಹೆಸರಿನ 'ಟಾ' ಎಂಬುದನ್ನು ಇಟ್ಟರು. ಟಾ 152 ಹಾಗೆ ಬಂತು. ವಿಮಾನದ ಹಣೆಯ ಮೇಲೆ ಹೆಸರು ಬರೆಸಿಕೊಂಡ ಆ ಮನುಷ್ಯ, ಯುದ್ಧ ಸೋತ ಮೇಲೆ, 'ಪೇದ್ರೊ ಮತ್ತೀಸ್' ಎಂಬ ಹುಸಿಹೆಸರಿನಲ್ಲಿ ಅರ್ಜೆಂಟೈನಾಕ್ಕೆ ಹೋಗಬೇಕಾಯಿತು. ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಮ್ಮ ಎಂಜಿನಿಯರುಗಳೊಡನೆ ವಿನ್ಯಾಸಗೊಳಿಸಿದ ಜೆಟ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲು ಹಾರಿತು. ಅದಕ್ಕೆ ಹೆಸರು ಎಚ್‌ಎಫ್-24; ಹಿಂದೂಸ್ತಾನ್ ಫೈಟರ್ ಎಂಬುದರ ಅಕ್ಷರಗಳು. ಜೊತೆಗೆ 'ಮಾರುತ'. ಶಾಲಾ ಪ್ರವಾಸದಲ್ಲಿ ನಿಮ್ಮಲ್ಲಿ ಅನೇಕರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಆ ವಿಮಾನದ ಮುಂದೆ ನಿಂತಿದ್ದೀರಿ. ಮಾರುತ ಎಂದರೆ ಗಾಳಿ ಎಂದು ಅಂದು ನಾನು ಹೆಮ್ಮೆಯಿಂದ ಹೇಳಿದ್ದೆ. ಅದೂ ಬಾಂಬು ಹೊರುವ ಯಂತ್ರವೇ, 1971ರ ಯುದ್ಧದಲ್ಲಿ ಹೊತ್ತಿತ್ತು ಎಂಬುದನ್ನು ಹೇಳಿರಲಿಲ್ಲ. ಪುರಾಣದ ಹೆಸರು ನನ್ನನ್ನೂ ಮರುಳುಮಾಡಿತ್ತು. ಜರ್ಮನ್ನರನ್ನು ಬೈಯುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲವೆಂದು ಬರೆದೆ.

ಇಂದಿನ ಜರ್ಮನ್ ಸೈನ್ಯವು 1955ರಲ್ಲಿ ಹೊಸದಾಗಿ ಹುಟ್ಟಿದ್ದು. ಹಿಂದಿನದರೊಡನೆ ನಂಟು ಕಡಿದುಕೊಳ್ಳಬೇಕೆಂದು ಎಷ್ಟೋ ಮಾಡಿದ ಅದು ಮೃಗಗಳ ಹೆಸರನ್ನು ಮಾತ್ರ ಬಿಡಲಿಲ್ಲ. 1965ರಿಂದ ಲೆಪರ್ಡ್, ಆಮೇಲೆ ಮಾರ್ಡರ್, ಲುಕ್ಸ್, ಗೆಪಾರ್ಡ್, ಪೂಮಾ. ಇವುಗಳಲ್ಲಿ ಮಾರ್ಡರ್, ಲುಕ್ಸ್, ಪೂಮಾಗಳು ಹಿಟ್ಲರನ ಸೈನ್ಯದ ವಾಹನಗಳಿಗೂ ಇದ್ದ ಹೆಸರುಗಳೇ. ಆದರೂ ನ್ಯಾಯವಾಗಿ ಹೇಳಬೇಕೆಂದರೆ ಈ ಪಟ್ಟಿಯಲ್ಲಿ ನನಗೆ ಮೆಚ್ಚಿಗೆಯಾದ ಎರಡು ಹೆಸರುಗಳಿವೆ. ಸೇತುವೆಯನ್ನು ಹೊತ್ತು ತಂದು ನದಿಗೆ ಹಾಸುವ ವಾಹನಕ್ಕೆ 'ಬೀಬರ್': ಹೊಳೆಗೆ ಅಡ್ಡಗಟ್ಟೆ ಕಟ್ಟುವ ಬೀವರ್ ಪ್ರಾಣಿ. ನೆಲ ಕೆದಕಿ ಹುದುಗಿದ ಸಿಡಿಗುಂಡುಗಳನ್ನು ನಾಶಮಾಡುವ ವಾಹನಕ್ಕೆ 'ಕೈಲರ್': ಕಾಡುಹಂದಿ. ಗೆಣಸಿನ ಹೊಲಕ್ಕೆ ಹಂದಿ ನುಗ್ಗಿದ್ದನ್ನು ಕಂಡವರಿಗೆ ಈ ಹೆಸರಿನ ಔಚಿತ್ಯ ತಿಳಿಯುತ್ತದೆ. ಪ್ರಾಣಿಯ ಹೆಸರು ಕೆಲಸವನ್ನು ಹೇಳಿದರೆ ನನ್ನ ತಕರಾರಿಲ್ಲ.

2023ರಲ್ಲಿ ಜರ್ಮನಿ ಉಕ್ರೇನಿಗೆ 18 ಲೆಪರ್ಡ್-2 ಟ್ಯಾಂಕುಗಳನ್ನು ಕಳಿಸಿತು. ಕೊಡಬೇಕೇ ಬೇಡವೇ ಎಂದು ವಾರಗಟ್ಟಲೆ ನಡೆದ ಚರ್ಚೆಯಲ್ಲಿ ಪತ್ರಿಕೆಗಳೆಲ್ಲ ಚಿರತೆಗಳನ್ನು ಬೋನಿನಿಂದ ಬಿಡುವ ಮಾತನ್ನೇ ಆಡಿದವು. ಉಕ್ರೇನಿನವರು ತಮ್ಮ ನೆಲವನ್ನು ಕಾಯಲು ಅವನ್ನು ಕೇಳಿದ್ದರು. ಆ ಬೇಡಿಕೆಯ ನ್ಯಾಯವನ್ನು ನಾನು ಪ್ರಶ್ನಿಸುತ್ತಿಲ್ಲ. ಅದೇ ವರ್ಷದ ಜೂನಿನಲ್ಲಿ ಹೊಲದ ನಡುವೆ ನಿಂತುಹೋದ ಲೆಪರ್ಡುಗಳ ಚಿತ್ರಗಳು ಬಂದಾಗ ಅವು ಚಿರತೆಗಳಂತೆ ಕಾಣಲಿಲ್ಲ. ಪಟ್ಟಿ ಕಳಚಿದ, ಕೆಟ್ಟು ನಿಂತ ವಾಹನಗಳಂತೆ ಕಂಡವು. ಅವುಗಳೊಳಗೆ ನಾಲ್ಕು ನಾಲ್ಕು ಜನ ಕೂರುತ್ತಾರೆ.

ನಿನ್ನೆ ರಾತ್ರಿ ಆ ವಿದ್ಯಾರ್ಥಿ ಫೋನು ಮಾಡಿದ್ದ. ಮಗ ಅಂಗಡಿಯವನಿಗೆ ದುಂಬಾಲು ಬಿದ್ದು 251ರ ಓರೆಗೆರೆ ಎಂಟನ್ನು, ಆ ಆಂಬುಲೆನ್ಸನ್ನು, ತರಿಸಿಕೊಡಲು ಹೇಳಿದ್ದಾನಂತೆ. ಒಳ್ಳೆಯದಾಯಿತು ಎಂದೆ. "ಅಷ್ಟೇ ಆಗಿದ್ದರೆ ಸರಿ ಮೇಷ್ಟ್ರೇ, ಹದಿನಾರೂ ಬೇಕಂತೆ. ಎರಡನ್ನೂ ಅಕ್ಕಪಕ್ಕ ಇಡಬೇಕಂತೆ. ದುಡ್ಡು ಕೊಡುವವನು ನಾನು" ಎಂದು ಗೊಣಗಿದ.